ತಂಗಿಯ ಕೊನೆಯ ಸ್ನಾನ

ಬ್ಯಾಡಗಿಯ ನಮ್ಮ ಓಣಿಯಲ್ಲಿ ಕುಲ್ಸುಮಬಿಯ ಮನೆಯ ಮುಂದೆ ಪರವೂರಿನ ಕಾರು ಬಂದು ನಿಂತರೆ, ಎಲ್ಲಿಯೋ ಒಬ್ಬ ಹೆಣ್ಣುಮಗಳು ತೀರಿಕೊಂಡಿದ್ದಾಳೆ ಎಂದು ನಾವೆಲ್ಲ ತಿಳಿದುಕೊಳ್ಳುತ್ತಿದ್ದೆವು. ಮುಸಲ್ಮಾನರಲ್ಲಿ ಸತ್ತವರನ್ನು ಮಣ್ಣು ಮಾಡುವ ಮೊದಲು ಮಾಡಿಸುವ ಸ್ನಾನಕ್ಕೆ ಗುಸಲ್ ಎನ್ನುತ್ತಾರೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರೇ ಅದನ್ನು ಮಾಡಿಸಬೇಕು. ಆ ಕೆಲಸವನ್ನು ಕ್ರಮವಾಗಿ ಬಲ್ಲ ಹೆಂಗಸರು ಎಲ್ಲ ಊರುಗಳಲ್ಲಿಯೂ ಇರುವುದಿಲ್ಲ. ಹೀಗಾಗಿ ಅಗಡಿಯಿಂದ, ಹೊಸರಿತ್ತಿಯಿಂದ, ಅತ್ತ ಕುಮಾರಪಟ್ಟಣದಿಂದ ಕೂಡ ಕುಲ್ಸುಮಬಿಯನ್ನು ಕರೆಯಲು ಬರುತ್ತಿದ್ದರು. ಆಕೆ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ, ಸೊಸೆ ಶಬನಮ್‌ಗೆ ಒಂದು ಮಾತು ಹೇಳಿ, ಸೆರಗು ಹೊದ್ದುಕೊಂಡು ಹೊರಟುಬಿಡುತ್ತಿದ್ದಳು.

ಆಕೆಯ ಮಗ ಜಮೀರ್ ನನ್ನ ಕೈಯಲ್ಲಿ ಕಲಿತವನು. ಲೆಕ್ಕದಲ್ಲಿ ಅಷ್ಟಕ್ಕಷ್ಟೇ ಆದರೂ ನಕಾಶೆ ಬರೆಯುವುದರಲ್ಲಿ ಅವನ ಕೈ ಬಹಳ ಚೆನ್ನಾಗಿತ್ತು. ವರದೆ ಎಲ್ಲಿ ಬಾಗುತ್ತಾಳೆ, ತುಂಗಭದ್ರೆಯನ್ನು ಎಲ್ಲಿ ಕೂಡುತ್ತಾಳೆ ಎಂಬುದನ್ನು ಪುಸ್ತಕ ನೋಡದೆ ಬರೆಯುತ್ತಿದ್ದ. ಈಗ ಸ್ವಂತ ಕಾರು ಇಟ್ಟುಕೊಂಡು ಮೆಣಸಿನಕಾಯಿ ವ್ಯಾಪಾರಿಗಳನ್ನು ಊರೂರಿಗೆ ಕರೆದೊಯ್ಯುತ್ತಾನೆ. ರಸ್ತೆಗಳೆಲ್ಲ ಅವನಿಗೆ ಅಂಗೈಯ ಗೆರೆಗಳಿದ್ದಂತೆ.

ಗುಸಲ್ ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ತೊಳೆಯಬೇಕು, ಒಬ್ಬರು ನೀರು ಹಾಕಬೇಕು. ಕುಲ್ಸುಮಬಿಗೆ ನೀರು ಹಾಕುತ್ತಿದ್ದವಳು ಆಕೆಯ ತಂಗಿ ಕೈಸರ. ಅವಳನ್ನು ರಾಣೇಬೆನ್ನೂರಿಗೆ ಕೊಟ್ಟಿದ್ದರು. ಗಂಡನದು ಹೊಲಿಗೆ ಅಂಗಡಿ. ಕರೆ ಬಂದಾಗ ಅಕ್ಕ ಇಲ್ಲಿಂದ, ತಂಗಿ ಅಲ್ಲಿಂದ ಹೊರಟು ಸತ್ತವರ ಮನೆಯಲ್ಲಿ ಕೂಡುತ್ತಿದ್ದರು. ಒಮ್ಮೆ ಕೈಸರ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ಹೇಳಿದ್ದಳು: “ನಾವು ಅಕ್ಕ–ತಂಗಿ ಭೆಟ್ಟಿ ಆಗಬೇಕಾದ್ರ ಯಾರರ ಒಬ್ರು ಸಾಯಬೇಕ ನೋಡ್ರಿ ಮಾಸ್ತರ.” ಕುಲ್ಸುಮಬಿ ಅವಳ ತಲೆಗೆ ಮೆಲ್ಲಗೆ ಮೊಟಕಿ, “ಬಾಯಿ ಮುಚ್ಚಿ ಚಾ ಕುಡಿ” ಎಂದಿದ್ದಳು.

ಬಾಯಿ ಮುಚ್ಚುವುದು ಆ ಕೆಲಸದ ಮುಖ್ಯ ನಿಯಮವೇ ಆಗಿತ್ತು. ತೊಳೆದವಳು ಸತ್ತವರ ಮೈಮೇಲೆ ಏನನ್ನು ಕಂಡರೂ ಅದನ್ನು ಹೊರಗೆ ಆಡಬಾರದು. ಬಾಸುಂಡೆ ಇರಲಿ, ಹಚ್ಚೆ ಇರಲಿ, ಹುಣ್ಣು ಇರಲಿ, ಅದು ಆ ಕೋಣೆಯಲ್ಲಿಯೇ ಮುಗಿಯಬೇಕು. ಅಷ್ಟು ಮನೆಗಳಿಗೆ ಹೋಗಿ ಬಂದ ಕುಲ್ಸುಮಬಿಯ ಬಾಯಿಂದ ಯಾರ ಮೈಯ ಸುದ್ದಿಯನ್ನೂ ನಮ್ಮ ಓಣಿ ಕೇಳಿಲ್ಲ.

ಆಕೆಯ ಬೆನ್ನು ಹೋದದ್ದು ಅಗಡಿಯಲ್ಲಿ. ಮಳೆಗಾಲದ ದಿನ. ಮೈ ತೊಳೆಯುವ ಹಲಗೆಯ ಒಂದು ಕಾಲು ಕೆಸರಿನಲ್ಲಿ ಜಾರಿತು. ಹಲಗೆಯ ಮೇಲಿದ್ದ ಮುದುಕಿ ತುಂಬು ಮೈಯವಳು. ಆ ದೇಹ ನೆಲಕ್ಕೆ ಬೀಳಬಾರದೆಂದು ಕುಲ್ಸುಮಬಿ ಪೂರಾ ಭಾರವನ್ನು ತನ್ನ ತೋಳು, ಸೊಂಟಗಳ ಮೇಲೆ ತಡೆದು, ಕೈಸರ ಹಲಗೆಯನ್ನು ಸರಿಮಾಡುವವರೆಗೆ ಹಾಗೆಯೇ ನಿಂತಳು. ಸ್ನಾನ ಮುಗಿಸಿ, ಕಫನ್ನಿನ ಬಿಳಿ ಬಟ್ಟೆ ಸುತ್ತಿ, ಹೊರಗೆ ಬಂದು ಕುಳಿತವಳು ತಾನಾಗಿ ಏಳಲಿಲ್ಲ. “ಸತ್ತಾಕಿ ಬೀಳಬಾರದಂತ ಹಿಡದೆ, ಬದುಕಿದಾಕಿ ಬಿದ್ದೆ” ಎಂದು ಆಮೇಲೆ ನಗುತ್ತಿದ್ದಳು. ಆದರೆ ಅಂದಿನಿಂದ ನೋವು ಆಕೆಯನ್ನು ಬಿಟ್ಟಿಲ್ಲ. ಸೊಂಟದಿಂದ ಬಲಗಾಲಿನ ಹಿಮ್ಮಡಿಯವರೆಗೆ ಕಾದ ತಂತಿ ಎಳೆದ ಹಾಗೆ ಅದು ಇಳಿಯುತ್ತದೆ. ಕೆಲವು ದಿನ ಕಡಿಮೆ, ಕೆಲವು ದಿನ ಹೆಚ್ಚು. ಇಲ್ಲದ ದಿನ ಇಲ್ಲ. ನಿಂತರೆ ತಡೆದುಕೊಳ್ಳಬಹುದು, ಮಲಗಿದರೂ ತಡೆದುಕೊಳ್ಳಬಹುದು, ಕುಳಿತರೆ ಮಾತ್ರ ತಡೆದುಕೊಳ್ಳಲು ಆಗುವುದಿಲ್ಲ. ಕಾರು ಎಂದರೆ ಕುಳಿತುಕೊಳ್ಳುವುದೇ ತಾನೆ?

ತಾಯಿ–ಮಗ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಹಿಂದಿನ ಸೀಟಿನ ಮೇಲೆ ದಪ್ಪ ಕೌದಿ, ಸೊಂಟಕ್ಕೆ ಸುರುಳಿ ಸುತ್ತಿದ ಟವೆಲ್, ಬಿಸಿನೀರು ತುಂಬಿದ ರಬ್ಬರಿನ ಚೀಲ. ಮೊದಲು ಎಡ ಪಕ್ಕೆಯ ಮೇಲೆ ವಾಲಿ ಕೂಡುವುದು. ಅದು ಸಾಕಾದಾಗ ಮೊಣಕಾಲು ಮಡಚಿ ಮಲಗುವುದು. ಅದೂ ಆಗದಾಗ ಎರಡು ಸೀಟುಗಳ ನಡುವೆ ಮೊಣಕಾಲೂರಿ, ಎದೆಯನ್ನು ಸೀಟಿನ ಮೇಲೆ ಚೆಲ್ಲಿ, ಮುಖವನ್ನು ಕೌದಿಯಲ್ಲಿ ಒತ್ತಿ ಇರುವುದು. ಹಾಗೆ ಇದ್ದಾಗ ಒಮ್ಮೆ ಟೋಲ್ ನಾಕಾದವನು ಬಗ್ಗಿ ನೋಡಿ, “ಅಜ್ಜಿಗೆ ಏನಾಗೇತ್ರಿ?” ಎಂದು ಕೇಳಿದ. “ನಮಾಜ್ ಮಾಡಾಕತ್ತೇನಪಾ, ನೀ ಗೇಟ್ ತಗಿ” ಎಂದು ಈಕೆ ತಲೆ ಎತ್ತದೆಯೇ ಹೇಳಿದಳಂತೆ. ರಸ್ತೆಯ ಉಬ್ಬು ಬಂದರೆ ಜಮೀರ್ ಕಾರನ್ನು ಓರೆ ಮಾಡಿ ಒಂದೊಂದೇ ಗಾಲಿಯನ್ನು ದಾಟಿಸುತ್ತಾನೆ. ಹಿಂದಿನ ಗಾಡಿಯವರು ಹಾರನ್ ಹೊಡೆದು ಬೈಯುತ್ತಾರೆ. ಇಷ್ಟು ಮಾಡಿದರೂ ಮೇಲಿಂದ ಮೇಲೆ ನಿಲ್ಲಿಸಬೇಕು. ಆಕೆ ಬಾಗಿಲು ಹಿಡಿದು ಇಳಿದು, ಬಲಪಾದಕ್ಕೆ ನೆಲ ತಿಳಿಯುವವರೆಗೆ ಕಾರಿನ ಸುತ್ತ ತಿರುಗುತ್ತಾಳೆ. ನೆಲ ತಿಳಿದ ಮೇಲೆ ಮತ್ತೆ ಹತ್ತುತ್ತಾಳೆ.

ಬೆನ್ನು ಹೀಗಾದ ಮೇಲೆ ಅಕ್ಕ–ತಂಗಿ ಕೂಡಿ ರಾಣೇಬೆನ್ನೂರಿನ ದಿಲನಾಜ ಎಂಬ ಹೆಣ್ಣುಮಗಳಿಗೆ ಗುಸಲಿನ ಕೆಲಸ ಕಲಿಸಿದರು. ದೂರದ ಊರುಗಳಿಗೆ ಅವಳೇ ಹೋಗತೊಡಗಿದಳು. ಆದರೆ ಒಂದು ಗುಸಲನ್ನು ಮಾತ್ರ ಕುಲ್ಸುಮಬಿ ಯಾರಿಗೂ ಬಿಟ್ಟುಕೊಡುವ ಹಾಗಿರಲಿಲ್ಲ. ಅದು ಕೈಸರಳದು.

ಅದರ ಕಾರಣ ಇದು. ಬಹಳ ವರ್ಷಗಳ ಹಿಂದೆ, ಕೈಸರಳ ಮಗ ಆರಿಫ್ ಇನ್ನೂ ಚಿಕ್ಕವನಿದ್ದಾಗ, ಅವಳ ಎಡ ಎದೆಯಲ್ಲಿ ಗಂಟಾಯಿತು. ಗಂಡನೂ ಅಕ್ಕನೂ ಮಿರಜಕ್ಕೆ ಕರೆದುಕೊಂಡು ಹೋದರು. ಅಲ್ಲಿ ಆ ಎದೆಯನ್ನು ತೆಗೆದುಹಾಕಿದರು. ಊರಿಗೆ ಬಂದು, ಗರ್ಭಚೀಲ ತೆಗೆಸಿದೆವು ಎಂದು ಹೇಳಿದರು. ಗಂಡ ತೀರಿಕೊಂಡ ಮೇಲೆ ಅದು ಅಕ್ಕ–ತಂಗಿಯರ ನಡುವೆ ಮಾತ್ರ ಉಳಿಯಿತು. ಮಗನಿಗೆ ಗೊತ್ತಿಲ್ಲ, ಒಂದೇ ಮನೆಯಲ್ಲಿದ್ದ ಸೊಸೆ ಸಾನಿಯಾಳಿಗೂ ಗೊತ್ತಿಲ್ಲ. ಕೈಸರ ಅದನ್ನು ಅಷ್ಟು ಜತನದಿಂದ ಮುಚ್ಚಿಟ್ಟಿದ್ದಳು. ಒಂದು ದಿನ ಹೊಸರಿತ್ತಿಯಲ್ಲಿ ಗುಸಲ್ ಮುಗಿಸಿ ಹಿತ್ತಲಲ್ಲಿ ಕೈ ತೊಳೆಯುವಾಗ ಅವಳು ಮಾತು ತೆಗೆದಳು.

“ಆಪಾ, ನನ್ನ ಮೈ ಮ್ಯಾಲೆ ಇನ್ನೊಬ್ರ ಕೈ ಬೀಳಬಾರದು. ನೀನ ಬರಬೇಕು.”

“ನಾನ ಮೊದಲ ಹ್ವಾದ್ರ?”

“ಬೆನ್ನೊಂದು ಬಿಟ್ರ ನಿಂದೆಲ್ಲಾ ಗಟ್ಟಿ ಐತಿ. ನೀ ಲಗೂ ಹೋಗಾಕಿ ಅಲ್ಲ.”

“ಆ ಬೆನ್ನು ತಗೊಂಡು ಹ್ಯಾಂಗ ಬರ್ಲಿ?”

“ತೆವಳಕೋತ ಬಾ. ಖರೇ ಬರ್ತೇನಂತ ಅನ್ನು.”

“ಬರ್ತೇನಿ” ಎಂದಳು ಕುಲ್ಸುಮಬಿ.

ಈ ಮಾತುಗಳನ್ನೆಲ್ಲ ಆಕೆ ಈಚೆಗೆ ನನ್ನ ಹೆಂಡತಿ ನೀಲಗಂಗವ್ವನ ಮುಂದೆ ಹೇಳಿದ್ದು. ಬರೆಯಬಹುದೇ ಎಂದು ನಾನು ಕೇಳಿಸಿದಾಗ, “ಬರೀಲಿ, ಇನ್ನ ಮುಚ್ಚೂದೇನು ಉಳದೈತಿ” ಎಂದಳಂತೆ.

ಕಳೆದ ಬೇಸಿಗೆಯಲ್ಲಿ ಕುಲ್ಸುಮಬಿಯ ನೋವು ಬಹಳ ಹೆಚ್ಚಿತು. ಶಬನಮ್‌ಳ ತವರು ಮಿರಜ. ಅಲ್ಲಿ ದೊಡ್ಡ ಡಾಕ್ಟರರಿಗೆ ತೋರಿಸೋಣವೆಂದು ಗಂಡ–ಹೆಂಡತಿ ಆಕೆಯನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಿಂದ ಗುಣವಾದೀತೆಂದು ಹೇಳಲಾಗದು, ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಿ, ಮೈಗೂ ಮನಸ್ಸಿಗೂ ಧಕ್ಕೆ ತಂದುಕೊಳ್ಳಬೇಡಿ ಎಂದು ಡಾಕ್ಟರರು ಹೇಳಿದರು. ಮರುದಿನ ನಸುಕಿನಲ್ಲಿ ಜಮೀರನ ಫೋನಿಗೆ ಆರಿಫ್‌ನ ಕರೆ ಬಂತು. ನಮಾಜಿಗೆಂದು ಎದ್ದ ಕೈಸರ ಎದೆ ಹಿಡಿದುಕೊಂಡು ಕುಸಿದಳು, ದವಾಖಾನೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಅಸರ್, ಅಂದರೆ ಇಳಿಹೊತ್ತಿನ ನಮಾಜು ಆದ ಮೇಲೆ ಮಣ್ಣು.

ಜಮೀರನೂ ಶಬನಮ್‌ಳೂ ತವರಿನ ಅಡುಗೆಮನೆಯಲ್ಲಿ ನಿಂತು ಪಿಸುಮಾತಿನಲ್ಲಿ ಆಲೋಚಿಸಿದರು. ತಂದೆ ಬುಡನಸಾಬ ತೀರಿಕೊಂಡಾಗ ಏನಾಗಿತ್ತೆಂಬುದು ಜಮೀರನಿಗೆ ನೆನಪಿತ್ತು. ಸುದ್ದಿ ಕಿವಿಗೆ ಬಿದ್ದ ಕೂಡಲೇ ತಾಯಿಯ ಬೆನ್ನು ಮರದ ಹಾಗೆ ಸೆಟೆದು, ನಾಲ್ಕು ಜನ ಎತ್ತಿ ಮಲಗಿಸಬೇಕಾಗಿತ್ತು. ಈಗ ಹಾಗೆ ಆದರೆ ಕಾರಿನಲ್ಲಿ ಹಾಕಿಕೊಂಡು ಹೋಗುವುದಾದರೂ ಹೇಗೆ? ನಮ್ಮ ಕಡೆ ದೂರದಲ್ಲಿರುವವರಿಗೆ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವುದಿಲ್ಲ. ಆರಾಮಿಲ್ಲ, ಸೀರಿಯಸ್ ಐತಿ, ಬಂದುಹೋಗ್ರಿ ಎನ್ನುತ್ತೇವೆ. ಕೇಳಿದವರು ಅರ್ಧ ತಿಳಿದುಕೊಂಡು, ಅರ್ಧ ತಿಳಿಯದಂತೆ ಹೊರಡುತ್ತಾರೆ. ಆದರೆ ಕುಲ್ಸುಮಬಿಗೆ ಜೀವಮಾನದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಗುಸಲಿಗೆ ಕರೆಯುವವರು ಸತ್ತಿದ್ದಾರೆಂದೇ ಹೇಳಬೇಕಲ್ಲ! ಸುತ್ತು ಮಾತಿನ ರೂಢಿ ಆಕೆಯ ಕಿವಿಗಿರಲಿಲ್ಲ.

ಜಮೀರ್ ತಾಯಿಯ ಹತ್ತಿರ ಕುಳಿತು ಹೇಳಿದ: “ಅಮ್ಮಾ, ಕೈಸರ ಖಾಲಾಗ ಸಕ್ಕರಿ ಕಡಿಮಿ ಆಗಿ ಚಕ್ಕರ್ ಬಂದೈತಂತ. ದವಾಖಾನ್ಯಾಗ ಸಲಾಯನ್ ಹಚ್ಚ್ಯಾರ. ನಿನ್ನ ನೋಡಬೇಕಂತಾಳ.”

ಅವನು ಮೆತ್ತಗಿರಲೆಂದು ಆರಿಸಿಕೊಂಡ ಸುಳ್ಳು ಬಹಳ ಮೆತ್ತಗಾಯಿತು. ಕುಲ್ಸುಮಬಿ ನಿಟ್ಟುಸಿರು ಬಿಟ್ಟು, “ಎಷ್ಟು ಸರ್ತೆ ಹೇಳೇನಿ, ಉಪಾಸ ಇರಬ್ಯಾಡಂತ” ಎಂದಳು. ಆಮೇಲೆ, “ಸಲಾಯನ್ ಹಚ್ಚಿದ್ರ ಸಂಜಿತನಕ ಬಿಡೂದಿಲ್ಲ. ಸಾವಕಾಶ ಹೋಗೂಣು. ನಿನ್ನಿ ಬಂದಿದ್ದ ಇನ್ನೂ ಆರಿಲ್ಲ ಬೆನ್ನಾಗ” ಎಂದಳು. ಚಾರ್ಜ್ ಮಾಡುತ್ತೇನೆಂದು ಹೇಳಿ ಶಬನಮ್ ಅತ್ತೆಯ ಫೋನನ್ನು ತೆಗೆದುಕೊಂಡು ತನ್ನ ಚೀಲದಲ್ಲಿ ಇಟ್ಟುಕೊಂಡಳು.

ಚಿಕ್ಕೋಡಿಯವರೆಗೆ ರಸ್ತೆ ಕೆಟ್ಟಿತ್ತು. ಅಷ್ಟರಲ್ಲಿಯೇ ಎರಡು ಸಲ ನಿಲ್ಲಿಸಬೇಕಾಯಿತು. ಬೇರೆ ದಿನವಾದರೆ ಜಮೀರ್ ತಾನೇ, “ಇಳೀತಿಯೇನಮ್ಮಾ?” ಎಂದು ಕೇಳುತ್ತಿದ್ದ. ಈ ದಿನ ಕೇಳಲಿಲ್ಲ. ಆಕೆ ಹೇಳಿದಾಗ ಇಲ್ಲವೆನ್ನಲೂ ಬಾಯಿ ಬರಲಿಲ್ಲ. ಆಕೆ ಕಾರಿನ ಮೇಲೆ ಕೈ ಊರಿಕೊಂಡು ತಿರುಗುವಾಗ ಅವನು ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತ ಕುಳಿತಿದ್ದ. ಹೆದ್ದಾರಿ ಹತ್ತಿದ ಮೇಲೆ ಸ್ವಲ್ಪ ವೇಗ ಬಂತು. ಬೆಳಗಾವಿ ಹತ್ತಿರವಾದಾಗ ಕುಲ್ಸುಮಬಿ ತಲೆ ಎತ್ತಿದಳು.

“ಜಮೀರ್, ಊರಾಗ ಹೋಗಿ ಅರ್ಧ ಕಿಲೋ ಕುಂದಾ ತಗೊಂಡು ಬಾ. ಕೈಸರಗ ಭಾಳ ಸೇರತೈತಿ.”

“ಸಕ್ಕರಿ ಜಡ್ಡಿನಾಕಿಗೆ ಕುಂದಾ ಯಾಕ ಅಮ್ಮಾ?”

“ಸಕ್ಕರಿ ಕಡಿಮಿ ಆಗೇತಂತ ನೀನ ಹೇಳಿದಿ. ಕಡಿಮಿ ಆದಾಗರ ತಿನ್ನಲಿ ಬಿಡು.”

“ಹೊತ್ತಾಕ್ಕೈತಿ.”

“ಯಾಕಷ್ಟು ಗಡಿಬಿಡಿ? ಆಕಿ ಎಲ್ಲಿ ಓಡಿಹೊಂಟಾಳ?”

ಶಬನಮ್ ಕಿಟಕಿಯ ಕಡೆಗೆ ಮುಖ ತಿರುಗಿಸಿ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಇನ್ನೂ ವಾದಿಸಿದರೆ ತಾಯಿಗೆ ಸಂಶಯ ಬಂದೀತೆಂದು ಜಮೀರ್ ಪೇಟೆಯೊಳಗೆ ಕಾರು ತಿರುಗಿಸಿದ. ಗಾಡಿಗಳ ದಟ್ಟಣೆಯಲ್ಲಿ ಹೋಗಿ, ಕುಂದಾ ತಂದು, ಮತ್ತೆ ಹೆದ್ದಾರಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕುಲ್ಸುಮಬಿ ಆ ಪೊಟ್ಟಣವನ್ನು ಬಿಸಿಲು ತಾಗದಂತೆ ಸೆರಗಿನಲ್ಲಿ ಸುತ್ತಿ ಎದೆಯ ಹತ್ತಿರ ಇಟ್ಟುಕೊಂಡು ಮಲಗಿದಳು.

ಧಾರವಾಡದ ಹತ್ತಿರ ಮತ್ತೆ ನಿಂತಾಗ ಆಕೆಗೆ ಕಾರಿನಿಂದ ಇಳಿಯಲೂ ಆಗಲಿಲ್ಲ. ಶಬನಮ್ ಕಾಲುಗಳನ್ನು ಎತ್ತಿ ಹೊರಗಿಟ್ಟು, ಬಲಗಾಲನ್ನು ತಿಕ್ಕತೊಡಗಿದಳು. ಆಗ ಆರಿಫ್‌ನ ಕರೆ ಬಂತು. ಜಮೀರ್ ದೂರದ ಬೇವಿನ ಗಿಡದ ಕೆಳಗೆ ಹೋಗಿ ಮಾತಾಡಿದ.

“ಎಲ್ಲಿ ಅದೀರಿ ಭೈಯಾ? ಮಸೀದಿ ಜಮಾತಿನವರು ಕೇಳಾಕತ್ತಾರ. ಬಿಸಲು ಭಾಳ ಐತಿ, ಇನ್ನ ಇಡೂದು ಬ್ಯಾಡ ಅಂತಾರ. ಗುಸಲಿಗೆ ಖಾಲಾನ ದಾರಿ ನೋಡೂದೋ ಹ್ಯಾಂಗ? ಆಪಾನ ಮಾಡಬೇಕಂತ ಅಮ್ಮ ಯಾವಾಗಲೂ ಅಂತಿದ್ಲು.”

ಜಮೀರ್ ತಿರುಗಿ ನೋಡಿದ. ತಾಯಿ ಬಾಗಿಲಿನ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿಕೊಂಡಿದ್ದಳು. ಅಕ್ಕ–ತಂಗಿಯರ ಆ ಮಾತನ್ನು ಅವನೂ ಕೇಳಿದ್ದ. ಅಕ್ಕರೆಯ ಮಾತು ಎಂದಷ್ಟೇ ತಿಳಿದಿದ್ದ.

“ಅಮ್ಮನ ಕೈಲೆ ಆಗೂದಿಲ್ಲ ಆರಿಫ್. ಆಕೀಗೆ ನಿಂದ್ರಾಕ ಬರವಲ್ದು, ಬಗ್ಗಿ ತೊಳಿಯೂದು ಎಲ್ಲಿ ಬಂತು? ದಿಲನಾಜಗ ಹೇಳು, ಸುರು ಮಾಡಲಿ. ನಾವು ಬಂದಮ್ಯಾಲೆ ಮುಖಾ ಒಂದು ತೋರಸ್ರಿ, ಸಾಕು.”

ತಾಯಿಯ ಮೇಲಿನ ಮರುಕದಿಂದಲೇ ಅವನು ಹೀಗೆ ಹೇಳಿದ. ನಾನಾಗಿದ್ದರೂ ಹಾಗೆಯೇ ಹೇಳುತ್ತಿದ್ದೆನೋ ಏನೋ.

ಶಿಗ್ಗಾವಿ, ಬಂಕಾಪುರಗಳನ್ನು ದಾಟಿ ಹಾವೇರಿಯ ಹೊರವಲಯಕ್ಕೆ ಬಂದಾಗ ಬಿಸಿನೀರಿನ ಚೀಲ ಆರಿಹೋಗಿತ್ತು. ಅದನ್ನು ತುಂಬಿಸಲು ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದರು. ಕುಲ್ಸುಮಬಿ ಶಬನಮ್‌ಳ ಹೆಗಲು ಹಿಡಿದು ನಿಂತಿದ್ದಳು. ಒಳಗಿನಿಂದ ಹಾವೇರಿಯ ಬಟ್ಟೆ ವ್ಯಾಪಾರಿ ಕೊಟ್ರಪ್ಪ ಹೊರಗೆ ಬಂದರು. ಕೈಸರಳ ಗಂಡನ ಹೊಲಿಗೆ ಅಂಗಡಿಗೆ ಅವರೇ ಬಟ್ಟೆ ಕೊಡುತ್ತಿದ್ದವರು, ಹಳೆಯ ಬಳಕೆ. ಅವರು ಎರಡೂ ಕೈ ಜೋಡಿಸಿದರು.

“ಹಿಂಗಾಗಬಾರದಿತ್ತವ್ವಾ ಕುಲ್ಸುಮಬಿ. ನಿನ್ನಿ ಮೊನ್ನಿ ಪ್ಯಾಟ್ಯಾಗ ಕಂಡಿದ್ಲು, ನಕ್ಕೋತ ಮಾತಾಡಿಸಿದ್ಲು. ಮಣ್ಣು ಅಸರ್ ಆದಮ್ಯಾಲೆ ಅಂತಲ್ಲ? ನಾನೂ ಅಲ್ಲಿಗೇ ಹೊಂಟೇನಿ.”

ಕುಲ್ಸುಮಬಿ ಅವರ ಮುಖವನ್ನೇ ನೋಡಿದಳು. ಆಮೇಲೆ ಸೊಸೆಯ ಕಡೆ ನೋಡಿದಳು. ಶಬನಮ್ ತಲೆ ತಗ್ಗಿಸಿದಳು. ತಾಯಿ ಬಿದ್ದಾಳೆಂದು ಜಮೀರ್ ಬಿಸಿನೀರಿನ ಚೀಲ ಹಿಡಿದುಕೊಂಡೇ ಓಡಿಬಂದ. ಆಕೆ ಬೀಳಲಿಲ್ಲ, ಅಳಲೂ ಇಲ್ಲ.

“ಗುಸಲ್ ಆತೇನು?” ಎಂದಳು.

“ಅಮ್ಮಾ, ನೀ ಮೊದಲ ಕುಂದ್ರು…”

“ಆತೋ ಇಲ್ಲೋ, ಅಷ್ಟ ಹೇಳು.”

ಜಮೀರ್ ಫೋನು ಹಚ್ಚಿ ಕೊಟ್ಟ. ಕುಲ್ಸುಮಬಿ ಗಟ್ಟಿಯಾಗಿ ಹೇಳಿದಳು: “ಆರಿಫ್, ನಾ ಹಾವೇರಿಯಾಗ ಅದೇನಿ. ನಾ ಬರೂತನಕ ಯಾರೂ ಕೈ ಹಚ್ಚಬಾರದು. ಹೋಗಿ ಹೇಳು.”

“ಖಾಲಾ, ಪರದೆ ಕಟ್ಟಿ ಒಳಗ ಸುರು ಮಾಡ್ಯಾರ. ನಾ ಗಂಡಸು, ಹ್ಯಾಂಗ ಒಳಗ ಹೋಗ್ಲಿ?”

“ಹೊರಗ ನಿಂತ ಒದರು.”

“ಭೈಯಾನ ಹೇಳಿದ್ದ, ನಿಂಗ ಆಗೂದಿಲ್ಲ, ನೀವ ಮಾಡ್ರಿ ಅಂತ…”

ಕುಲ್ಸುಮಬಿ ಫೋನನ್ನು ಮಗನ ಕೈಗೆ ಕೊಟ್ಟಳು. “ಇನ್ನ ಎಲ್ಲೂ ನಿಂದ್ರಸಬ್ಯಾಡ” ಎಂದು ಹೇಳಿ, ತಾನೇ ಕಾರಿನೊಳಗೆ ಹೋಗಿ ಸೀಟುಗಳ ನಡುವೆ ಮೊಣಕಾಲೂರಿದಳು.

ಹಾವೇರಿಯಿಂದ ರಾಣೇಬೆನ್ನೂರು ದೂರವೇನಲ್ಲ. ಆದರೆ ಅಂದು ಜಮೀರ್ ಉಬ್ಬುಗಳನ್ನು ಓರೆಯಾಗಿ ದಾಟಿಸಲಿಲ್ಲ, ಆಕೆಯೂ ಕೇಳಲಿಲ್ಲ. ಕಾರು ಎಗರಿದಾಗಲೆಲ್ಲ ಆಕೆಯ ಗಂಟಲಿನಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಅದು ಅಳುವಿನ ಸದ್ದಾಗಿರಲಿಲ್ಲ. ಹಗ್ಗ ಬಿಗಿದಾಗ ಬಾವಿಯ ಗಡಗಡೆ ಮಾಡುವಂಥ ಸದ್ದು ಎಂದು ಶಬನಮ್ ಹೇಳಿದಳು. ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ತಿರುವು ಬಂದಾಗ ಜಮೀರ್ ಮೆಲ್ಲಗೆ, “ಒಂದ ಗುಳಿಗಿ ತಗೋತಿಯೇನಮ್ಮಾ?” ಎಂದ. ಆಕೆಯ ಬಾಯಲ್ಲಿ ಕೌದಿಯ ಅಂಚಿತ್ತು.

ರಾಣೇಬೆನ್ನೂರಿನ ಮನೆಯ ಮುಂದೆ ಗಂಡಸರು ಬೆಂಚು, ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಇಬ್ಬರು ಹೆಂಗಸರು ಬಂದು ಕುಲ್ಸುಮಬಿಯನ್ನು ಎತ್ತಿ ಇಳಿಸಿದರು. ಬಲಗಾಲು ಸಂಪೂರ್ಣ ಜೋಮು ಹಿಡಿದಿತ್ತು. ಚಪ್ಪಲಿ ಜಾರಿ ಬೀದಿಯಲ್ಲಿಯೇ ಉಳಿದದ್ದು ಆಕೆಗೆ ತಿಳಿಯಲಿಲ್ಲ. ಒಳಗೆ ಗುಸಲ್ ಮುಗಿದು, ಕೈಸರ ಬಿಳಿ ಬಟ್ಟೆಯಲ್ಲಿ ಮುಖವೊಂದನ್ನು ಬಿಟ್ಟು ಮುಚ್ಚಿಕೊಂಡು ಮಲಗಿದ್ದಳು.

ಕುಲ್ಸುಮಬಿ ತಂಗಿಯ ಹಣೆಯ ಮೇಲೆ ಅಂಗೈ ಇಟ್ಟಳು. ಎಷ್ಟೋ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದಳು. ಆಮೇಲೆ, “ಯಾರು ತೊಳದ್ರಿ?” ಎಂದು ಕೇಳಿದಳು.

“ನಾನ, ಖಾಲಾ” ಎಂದಳು ದಿಲನಾಜ. ಅವಳ ಕಣ್ಣು ನೋಡಿದೊಡನೆ, ಅವಳ ಕೈಗೆ ಎಲ್ಲವೂ ತಿಳಿದಿದೆ ಎಂದು ಕುಲ್ಸುಮಬಿಗೆ ಗೊತ್ತಾಯಿತು.

ಆದರೆ ಆ ಮನೆಯಲ್ಲಿ ಇನ್ನೇನೋ ನಡೆದಿತ್ತು. ಹೆಂಗಸರು ಕೈಸರಳ ಸುತ್ತ ಕುಳಿತಿರಲಿಲ್ಲ. ಗೋಡೆಗೆ ಒತ್ತಿಕೊಂಡು, ದೂರ ದೂರ ಕುಳಿತು ಪಿಸುಗುಡುತ್ತಿದ್ದರು. ಹಿತ್ತಲ ಬಾಗಿಲಿನ ಹೊರಗೆ, ತೊಳೆದ ನೀರು ಹರಿದ ಕಲ್ಲಿನ ಮೇಲೆ ಸಾಸಿವೆ ಕಾಳು ಚೆಲ್ಲಾಡಿತ್ತು. ಹರಿದ ಒಂದು ಬಟ್ಟೆಯ ಚೀಲ ಅಲ್ಲಿಯೇ ಬಿದ್ದಿತ್ತು.

ಕೈಸರಳ ಗಂಡನ ಅಕ್ಕ, ವಯಸ್ಸಾದ ಹೆಂಗಸು, ಕುಲ್ಸುಮಬಿಯ ಕಿವಿಯ ಹತ್ತಿರ ಬಂದು ಹೇಳಿದಳು: “ನೋಡಿದೇನವಾ? ಎದಿಗೆ ಹೊಂದಿಸಿ ಕಟ್ಟಿತ್ತದು. ಚಾದರ ಹೊಚ್ಚಿ ಮೈಮ್ಯಾಲಿನ ಅರಬಿ ಕಳಿಯೂವಾಗ ಸಾನಿಯಾನ ಕೈಗೆ ಸಿಕ್ಕತಿ, ಚೀರಿ ಹೊರಗ ಒಗದು ಎದ್ದ ಬಂದಾಳ. ಮಾಟ ಮಾಡಿಸ್ಯಾರ ಖರೇ. ನಿನ್ನಿತನಕ ಅಡ್ಡಾಡಿಕೊಂಡಿದ್ದಾಕಿ ಒಮ್ಮಿಂದೊಮ್ಮೆಲೆ ಹೆಂಗ ಸತ್ಲು ಅಂತೀನಿ?”

“ಯಾರು ಮಾಡಿಸ್ಯಾರ?”

“ಮನ್ಯಾಗ ಉಣಾಕ ಹಾಕಾಕಿ ಯಾರು? ಚೀರಿದ್ದೂ ನಾಟಕ.”

ನಮ್ಮ ಸೀಮೆಯಲ್ಲಿ ಸಾಸಿವೆ ತುಂಬಿದ ಚೀಲ ಕಂಡರೆ ಜನ ಮೊದಲು ನೆನೆಯುವುದು ಮಾಟವನ್ನೇ. ಕುಲ್ಸುಮಬಿಗೆ ಮಾತ್ರ ನಿಜ ಗೊತ್ತಿತ್ತು. ಅರಳೆ ತುಂಬಿದರೆ ಹಗುರಾಗಿ ಮೇಲೆ ಸರಿಯುತ್ತದೆ, ಸಾಸಿವೆಯಾದರೆ ತೂಕ ಸರಿಯಾಗಿ ಕೂಡುತ್ತದೆ ಎಂದು ಕೈಸರ ಗಂಡನ ಮಿಷಿನ್ನಿನ ಮೇಲೆ ತಾನೇ ಆ ಚೀಲವನ್ನು ಹೊಲಿದುಕೊಂಡಿದ್ದಳು. ಹಳೆಯದಾದಾಗ ಹೊಸದು ಹೊಲಿಯುತ್ತಿದ್ದಳು.

ಅಡುಗೆಮನೆಯ ಮೂಲೆಯಲ್ಲಿ ಸಾನಿಯಾ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಯಾರೂ ಅವಳ ಹತ್ತಿರ ಹೋಗಿರಲಿಲ್ಲ. ಆರಿಫ್ ಪಡಸಾಲೆಯ ಬಾಗಿಲಲ್ಲಿ ನಿಂತಿದ್ದವನು ಹೆಂಡತಿಯ ಕಡೆ ಒಮ್ಮೆಯೂ ನೋಡಲಿಲ್ಲ.

ತೊಳೆದವಳು ಹೇಳುವಂತಿಲ್ಲ; ದಿಲನಾಜ ತುಟಿ ಬಿಗಿದುಕೊಂಡು ನೆಲ ನೋಡುತ್ತಿದ್ದಳು. ಹೇಳಬಹುದಾದವಳು ಇನ್ನೊಬ್ಬಳೇ. ತಾನು ಸುಮ್ಮನಿದ್ದರೆ ತಂಗಿಯ ಗುಟ್ಟು ಮಣ್ಣಿಗೆ ಹೋಗುತ್ತದೆ, ಈ ಹುಡುಗಿಯ ಬಾಳು ಇಲ್ಲಿಯೇ ಹೋಗುತ್ತದೆ. ಕುಲ್ಸುಮಬಿ ಶಬನಮ್‌ಗೆ, “ನನ್ನ ಎಬ್ಬಿಸಿ ನಿಂದ್ರಸು” ಎಂದಳು. ಎದ್ದು ನಿಂತು, ಗೋಡೆ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅದು ಮಾಟ ಅಲ್ಲ. ಕೈಸರಗ ಎಡದ ಎದಿ ಇದ್ದಿಲ್ಲ. ಗಂಟ ಆಗಿತ್ತು, ಮಿರಜದಾಗ ತಗದಾರ. ಅದು ಯಾರಿಗೂ ಕಾಣಬಾರದಂತ ಆ ಚೀಲ ಆಕಿನ ಹೊಲಕೊಂಡಿದ್ದು. ಸಾನಿಯಾಗ ಏನೂ ಗೊತ್ತಿಲ್ಲ. ಇಷ್ಟ.”

ಆ ಮುದುಕಿ, “ಒಂದ ಮನಿತನದಾಕಿ ಆಗಿ ನಮಗ ಒಂದ ಮಾತು ಹೇಳಲಿಲ್ಲಲ್ಲ” ಎಂದಳು. ಮೂಲೆಯಲ್ಲಿ ಕುಳಿತಿದ್ದ ಸಾನಿಯಾ ಆಗ ಬಾಯಿಬಿಟ್ಟು ಅಳತೊಡಗಿದಳು. ಆರಿಫ್ ಚೌಕಟ್ಟಿಗೆ ತಲೆ ಆನಿಸಿ ನಿಂತ. ಜನಾಜಾ ಎತ್ತುವ ಹೊತ್ತಿಗೆ ಆ ಮಾತು ಒಳಗಿನಿಂದ ಹೊರಗಿನ ಗಂಡಸರವರೆಗೂ ತಲುಪಿಬಿಟ್ಟಿತ್ತು. ಹೆಗಲು ಕೊಟ್ಟವರೆಲ್ಲ ಕೈಸರಳ ಮೈಯ ಸುದ್ದಿ ತಿಳಿದೇ ಹೆಗಲು ಕೊಟ್ಟರು.

ಬ್ಯಾಡಗಿಗೆ ಮರಳುವಾಗ ಜಮೀರ್ ಕೇಳಿದ: “ಇದಕ್ಕ ಅಂತ ನಂಗ ಮೊದಲ ಯಾಕ ಹೇಳಲಿಲ್ಲ ಅಮ್ಮಾ? ಹೇಳಿದ್ರ ನಾ ಎಲ್ಲೂ ನಿಂದ್ರತಿದ್ದಿಲ್ಲ.”

“ಹೇಳುವಂಥದ್ದಿದ್ರ ಆಕಿಗೆ ಮಾತು ಯಾಕ ಕೊಡ್ತಿದ್ದೆ” ಎಂದಳು ಕುಲ್ಸುಮಬಿ. “ನೀ ಸತ್ಲು ಅಂದಿದ್ರ ನಾ ಒಮ್ಮಿನೂ ಇಳೀತಿದ್ದಿಲ್ಲ.”

ಅಂದಿನಿಂದ ಎರಡು ತಿಂಗಳು ಆಕೆ ಹಾಸಿಗೆ ಬಿಟ್ಟು ಏಳಲಿಲ್ಲ. ನೀಲಗಂಗವ್ವ ದಿನವೂ ಗಂಜಿಯನ್ನೋ ಹಾಲನ್ನೋ ಒಯ್ದು ಕೊಟ್ಟು ಹತ್ತಿರ ಕುಳಿತು ಬರುತ್ತಿದ್ದಳು. ಮಸೀದಿಯ ಹಿರಿಯರು ಬಂದು, ನೀನು ತೊಳೆದವಳಲ್ಲ, ಒಬ್ಬ ಹೆಣ್ಣುಮಗಳ ಮಾನ ಉಳಿಸಿದ್ದೀ, ಇದರಲ್ಲಿ ಪಾಪವೇನಿಲ್ಲ ಎಂದು ಸಮಾಧಾನ ಹೇಳಿದರು. “ತೊಳೀಬೇಕಾಗಿತ್ತು, ತೊಳೀಲಿಲ್ಲ. ಮುಚ್ಚಬೇಕಾಗಿತ್ತು, ಹೇಳಿದೆ. ಇನ್ನೇನ್ರಿ ಉಳೀತು?” ಎಂದು ಆಕೆ ಗೋಡೆಯ ಕಡೆ ತಿರುಗಿಕೊಂಡಳು. ಸಾನಿಯಾ ಎರಡು ಸಲ ರಾಣೇಬೆನ್ನೂರಿನಿಂದ ಬಂದು ಕಾಲು ಒತ್ತಿ ಹೋದಳು. ಅವಳಿಗೆ ಕುಲ್ಸುಮಬಿ ಒಂದು ಕಟು ಮಾತನ್ನೂ ಆಡಲಿಲ್ಲ, ಹೆಚ್ಚು ಮಾತನ್ನೂ ಆಡಲಿಲ್ಲ.

ಈಗ ಆಕೆ ಕೋಲು ಹಿಡಿದು ಓಣಿಯ ತುದಿಯವರೆಗೆ ನಡೆಯುತ್ತಾಳೆ. ಕಾರು ಹತ್ತುವುದಿಲ್ಲ. ಮೊನ್ನೆ ಹೊಸರಿತ್ತಿಯಿಂದ ಒಂದು ಕಾರು ಬಂದು ಮನೆಯ ಮುಂದೆ ನಿಂತಿತು. ಇಳಿದು ಬಂದವನು ಹಳೆಯ ಪರಿಚಯದವನು. ತಾಯಿ ಹೋದಳು, ನೀನೇ ಬರಬೇಕಂತ ಹೇಳಿದ್ದಳು, ಮಲಗಿಸಿಕೊಂಡೇ ಕರೆದೊಯ್ಯುತ್ತೇನೆ, ಹೊಸ ಗಾಡಿ, ಒಂದು ಸ್ವಲ್ಪವೂ ಎಗರುವುದಿಲ್ಲ ಎಂದು ಬೇಡಿಕೊಂಡ. ಜಮೀರ್ ಬಾಗಿಲಲ್ಲಿ ತಾಯಿಯ ಮುಖ ನೋಡುತ್ತ ನಿಂತಿದ್ದ. ನಾನು ನಮ್ಮ ಕಟ್ಟೆಯ ಮೇಲಿದ್ದೆ.

“ಬೆನ್ನಿನ ಸಲುವಾಗಿ ಅಲ್ಲಪಾ” ಎಂದಳು ಕುಲ್ಸುಮಬಿ. “ನಾ ಈಗ ಈ ಕೆಲಸಕ್ಕ ಬರೂದಿಲ್ಲ. ರಾಣೇಬೆನ್ನೂರಾಗ ದಿಲನಾಜ ಅದಾಳ, ಆಕಿನ ಕರಕೊಂಡು ಹೋಗು. ಆಕಿ ಬಾಯಿ ಬಿಗಿ ಐತಿ.”